ಸ್ಕಿಜೋಫ್ರೇನಿಯಾ ಇರುವವರಿಗೂ ಒಂದು ದೇಹ ಇದೆ

(ತೀರ್ಥಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯರು ಹಾಗೂ ರೋಗಿಗಳ ಮನೆಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿಗಳು ಕೇಳಿಸುವ, ಆಧಾರವಿಲ್ಲದ ಅನುಮಾನಗಳು ಕಾಡುವ ತೀವ್ರ ಮನೋರೋಗ ಇದ್ದವರು ಯಾರಾದರೂ ತೀರಿಕೊಂಡರೆ, ಸುದ್ದಿ ಕೇಳಿದವರು ದನಿ ತಗ್ಗಿಸಿ ಮೊದಲು ಕೇಳುವುದು "ಏನು ಮಾಡಿಕೊಂಡರಂತೆ?" ಎಂದು. ಆ ಅನುಮಾನಕ್ಕೆ ಆಧಾರವೇ ಇಲ್ಲವೆಂದಲ್ಲ. ಈ ಕಾಯಿಲೆ ಇರುವ 100 ಜನರಲ್ಲಿ ಸುಮಾರು 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ. ಅದೇನೂ ಸಣ್ಣ ಸಂಖ್ಯೆಯಲ್ಲ. ಆದರೆ ಉಳಿದ 95 ಮಂದಿ ಯಾವುದರಿಂದ ಸಾಯುತ್ತಾರೆ ಎಂದು ಕೇಳುವವರು ಸಿಗುವುದಿಲ್ಲ. ಹೃದಯಾಘಾತ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಶ್ವಾಸಕೋಶದ ಕಾಯಿಲೆ, ಸೋಂಕು. ನಮ್ಮನ್ನು ನಿಮ್ಮನ್ನು ಕೊಂಡೊಯ್ಯುವ ಅವೇ ಕಾಯಿಲೆಗಳು, ಇವರ ಮನೆಗೆ ಮಾತ್ರ ಬೇಗ ಬರುತ್ತವೆ. ಇವರು ಅಕಾಲದಲ್ಲಿ ಸಾಯುವ ಸಾಧ್ಯತೆ ಇತರರಿಗಿಂತ ಎರಡು-ಮೂರು ಪಟ್ಟು ಹೆಚ್ಚು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಲವು ದೇಶಗಳ ಲೆಕ್ಕವನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಇವರು ಕಳೆದುಕೊಳ್ಳುವ ಆಯುಸ್ಸು ಸರಾಸರಿ 14.5 ವರ್ಷ.

ನಾನು ಹೇಳಲು ಬಂದಿರುವುದು ಒಂದೇ ಮಾತು. ಮನಸ್ಸಿಗೆ ಮಾತ್ರೆ ಬರೆಯುವವರು ಇವರ ದೇಹವನ್ನು ಮುಟ್ಟಿ ನೋಡುವುದು ಕಡಿಮೆ. ದೇಹ ನೋಡುವವರು ಇವರ ಮಾತನ್ನು ನಂಬುವುದು ಕಡಿಮೆ. ಈ ಇಬ್ಬರ ನಡುವೆ ಖಾಲಿ ಬಿದ್ದಿರುವ ಜಾಗದಲ್ಲಿ ದಿನವೂ ಇರುವವರು ನೀವು. ಹಾಗಾಗಿ ಈ ಮಾತನ್ನು ವೈದ್ಯರ ಸಮ್ಮೇಳನಕ್ಕಿಂತ ನಿಮ್ಮ ಎದುರಿಗೆ ಆಡುವುದೇ ಸರಿ ಎನಿಸಿತು.

ತೀರ್ಥಹಳ್ಳಿಯಲ್ಲಿ ಇದನ್ನು ಮಾತಾಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಸಾಹಿತ್ಯದವರಿಗೆ ಈ ತಾಲ್ಲೂಕು ಯಾಕೆ ಗೊತ್ತು ಎಂದು ನಿಮಗೆ ಹೇಳಬೇಕಾಗಿಲ್ಲ. ಆದರೆ ಮನೋವೈದ್ಯರಿಗೂ ಈ ಹೆಸರು ಗೊತ್ತು. 2005ರ ಸುಮಾರಿಗೆ ಬೆಂಗಳೂರಿನ ನಿಮ್ಹಾನ್ಸ್ ತಂಡವೊಂದು ಈ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಅವರಿದ್ದಲ್ಲಿಯೇ ಚಿಕಿತ್ಸೆ ಸಿಗುವಂತೆ ಮಾಡುವ ಕೆಲಸ ಆರಂಭಿಸಿತು. ಚಿಕಿತ್ಸೆ ಪಡೆಯುತ್ತಿದ್ದವರನ್ನೂ ಪಡೆಯದವರನ್ನೂ ವರ್ಷದ ಬಳಿಕ ಹೋಲಿಸಿ ನೋಡಿತು. 2009ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾಗಿತ್ತು. ಚಿಕಿತ್ಸೆ ಪಡೆದವರು ತಮ್ಮ ಕೆಲಸ ತಾವು ಮಾಡಿಕೊಳ್ಳುವ, ನಾಲ್ಕು ಜನರೊಡನೆ ಬೆರೆಯುವ ಸ್ಥಿತಿಗೆ ಹತ್ತಿರವಾದರು, ಪಡೆಯದವರು ಇದ್ದಲ್ಲೇ ಇದ್ದರು. ಹಳ್ಳಿಯಲ್ಲಿ, ಕೂಡು ಕುಟುಂಬದಲ್ಲಿ ಈ ಕಾಯಿಲೆ ತಾನಾಗಿ ತಣ್ಣಗಾಗುತ್ತದೆ ಎಂಬ ನಂಬಿಕೆಗೆ ಅದು ಒಂದು ಉತ್ತರ.

ಆ ನಂಬಿಕೆ ಎಲ್ಲಿಂದಲೋ ಹಾರಿ ಬಂದದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1960ರ ದಶಕದ ಕೊನೆಯಲ್ಲಿ ಒಂಬತ್ತು ದೇಶಗಳಲ್ಲಿ ಆರಂಭಿಸಿದ ಅಧ್ಯಯನದಲ್ಲಿ ನಮ್ಮ ಆಗ್ರಾ ಕೂಡ ಒಂದು ಕೇಂದ್ರವಾಗಿತ್ತು. ಭಾರತದಂಥ ದೇಶಗಳಲ್ಲಿ ಈ ಕಾಯಿಲೆಯ ಗತಿ ಶ್ರೀಮಂತ ದೇಶಗಳಿಗಿಂತ ಚೆನ್ನಾಗಿದೆ ಎಂದು ಅದರಿಂದ ತಿಳಿಯಿತು. ನಾವು ಹೆಮ್ಮೆಪಟ್ಟೆವು. ಆಮೇಲೆ ಅದರ ಬಗ್ಗೆ ಸಾಕಷ್ಟು ತಕರಾರುಗಳೂ ಎದ್ದವು, ಅದಿರಲಿ. ಅಲ್ಲಿ ಮುಖ್ಯವಾಗಿ ಅಳೆದದ್ದು ರೋಗದ ಲಕ್ಷಣಗಳನ್ನು, ಕೆಲಸ ಮತ್ತು ಸಂಸಾರವನ್ನು. ಕಿವಿಯಲ್ಲಿ ದನಿಗಳು ನಿಂತವೇ, ಅನುಮಾನ ಕಡಿಮೆಯಾಯಿತೇ, ಗದ್ದೆಗೆ ಹೋಗುತ್ತಾನೆಯೇ ಎಂದು. ನಾವು ಕೂಡ ಇಂದಿಗೂ 'ಗುಣ' ಎಂದು ಲೆಕ್ಕ ಹಾಕುವುದು ಇದನ್ನೇ. ದನಿಗಳು ನಿಂತು ನೆಮ್ಮದಿಯಾಗಿದ್ದ ಮನುಷ್ಯ ನಲವತ್ತೆಂಟನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಹೋದರೆ, ಆ ಚಿಕಿತ್ಸೆಯನ್ನು ಯಶಸ್ಸು ಎಂದು ಬರೆಯಬೇಕೋ ಸೋಲು ಎಂದು ಬರೆಯಬೇಕೋ? ನಮ್ಮ ಫೈಲುಗಳಲ್ಲಿ ಅದಕ್ಕೆ ಜಾಗವೇ ಇಲ್ಲ.

ನಮ್ಮ ಕಡೆ ಈ ಕಾಯಿಲೆಯವರ ದೇಹ ಎರಡು ಬಗೆಯಲ್ಲಿ ಕೆಡುತ್ತದೆ. ಚಿಕಿತ್ಸೆ ಕಾಣದವರು ಸೊರಗುತ್ತಾರೆ. ಊಟದ ಹೊತ್ತು ತಪ್ಪುತ್ತದೆ, ಅನ್ನದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ತಳ್ಳುತ್ತಾರೆ, ರಕ್ತಹೀನತೆ ಬರುತ್ತದೆ, ಕ್ಷಯ ಹಿಡಿಯುತ್ತದೆ, ಹಲ್ಲು ಹಾಳಾಗುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಥ ತೀವ್ರ ಮನೋರೋಗ ಇರುವವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಚಿಕಿತ್ಸೆಯ ಹೊರಗಿದ್ದರು. ಇನ್ನು ಚಿಕಿತ್ಸೆಗೆ ಬಂದವರು ಊದುತ್ತಾರೆ.

ಊದುವ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಗಳಲ್ಲಿ ಅತಿ ಹೆಚ್ಚು ಜಗಳ ನಡೆಯುವುದು ಇಲ್ಲೇ. ಈ ಕಾಯಿಲೆಗೆ ಕೊಡುವ ಔಷಧಗಳಲ್ಲಿ ಓಲಾಂಜಪಿನ್ ಮತ್ತು ಕ್ಲೋಜಪಿನ್ ಎಂಬ ಎರಡು ಮಾತ್ರೆಗಳು ತೂಕ ಏರಿಸುವುದರಲ್ಲಿ ಎಲ್ಲಕ್ಕಿಂತ ಮುಂದು. ರಿಸ್ಪೆರಿಡೋನ್ ನಡುವೆ ಬರುತ್ತದೆ. ಹಳೆಯ ಹ್ಯಾಲೊಪೆರಿಡಾಲ್, ಹೊಸ ಅರಿಪಿಪ್ರಜೋಲ್ ಅಷ್ಟು ತೂಕ ಏರಿಸುವುದಿಲ್ಲ. ಈ ಮಾತ್ರೆಗಳು ಮಿದುಳಿನಲ್ಲಿ ಹಸಿವು ಮತ್ತು ತೃಪ್ತಿಯನ್ನು ನಿಯಂತ್ರಿಸುವ ಜಾಗಗಳನ್ನೇ ತಡೆಯುತ್ತವೆ. ಹೊಟ್ಟೆ ತುಂಬಿತು ಎಂಬ ಸುದ್ದಿ ಮೇಲಕ್ಕೆ ಮುಟ್ಟುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಅಡಿಗೆಮನೆಯಲ್ಲಿ ತಂಗಳನ್ನ ಹುಡುಕುವ ಮಗನಿಗೆ "ಹೊಟ್ಟೆಬಾಕ" ಎಂದು ಬಯ್ಯುತ್ತೇವೆ. ಆತ ತಿನ್ನುತ್ತಿರುವುದು ದುರಾಸೆಯಿಂದಲ್ಲ, ಮಾತ್ರೆಯಿಂದ. ಬೈಗುಳ ಕೇಳಿ ಕೇಳಿ ಒಂದು ದಿನ ಆತ ಮಾತ್ರೆಯನ್ನು ಒಲೆಗೆ ಹಾಕುತ್ತಾನೆ. ಆಮೇಲಿನದು ನಿಮಗೆ ಗೊತ್ತು.

ಬಯ್ಯುವ ಮನೆಗಳಿಗಿಂತಲೂ ನನ್ನನ್ನು ಹೆದರಿಸುವುದು ಸಂತೋಷಪಡುವ ಮನೆಗಳು. "ನೋಡಿ ಡಾಕ್ಟ್ರೇ, ಈಗ ಮೈ ತುಂಬಿಕೊಂಡಿದ್ದಾನೆ, ಮುಖಕ್ಕೆ ಕಳೆ ಬಂದಿದೆ" ಎಂದು ತಾಯಂದಿರು ಹೇಳುತ್ತಾರೆ. ಕಡ್ಡಿಯಂತಾಗಿದ್ದ ಮಗ ಊಟ ಮಾಡುತ್ತಿದ್ದಾನಲ್ಲ ಎಂಬ ಆ ಸಂತೋಷ ನ್ಯಾಯವಾದದ್ದೇ. ಆದರೆ ಮೊದಲ ಒಂದೂವರೆ ತಿಂಗಳಲ್ಲಿ ತೂಕ ಸರಸರನೆ ಏರಿದರೆ ಅದು ಅಲ್ಲಿಗೆ ನಿಲ್ಲುವುದು ಅಪರೂಪ. ಹೊಟ್ಟೆಯ ಸುತ್ತ ಸೇರುವ ಆ ಕೊಬ್ಬು ಸಕ್ಕರೆಯನ್ನು, ರಕ್ತದ ಕೊಬ್ಬನ್ನು, ರಕ್ತದೊತ್ತಡವನ್ನು ತನ್ನ ಜೊತೆಗೇ ಎಳೆದುಕೊಂಡು ಬರುತ್ತದೆ.

ಹಾಗಾದರೆ ಏನು ಮಾಡುವುದು? ದರ್ಜಿಯ ಹತ್ತಿರ ಇರುವ ಟೇಪು ಸಾಕು. (ಇಲ್ಲಿ ಸಭೆಯಲ್ಲಿದ್ದ ಒಬ್ಬರನ್ನು ಮುಂದಕ್ಕೆ ಕರೆದು ತೋರಿಸಿದೆ.) ಪಂಚೆ ಅಥವಾ ಪ್ಯಾಂಟು ಕಟ್ಟುವ ಜಾಗದಲ್ಲಿ ಅಳೆಯಬೇಡಿ, ಹೊಟ್ಟೆ ಬಂದವರು ಅದನ್ನು ಹೊಟ್ಟೆಯ ಕೆಳಗೆ ಕಟ್ಟಿರುತ್ತಾರೆ. ಪಕ್ಕದಲ್ಲಿ ಕೈಯಿಟ್ಟು ಪಕ್ಕೆಲುಬಿನ ಕೊನೆ ಎಲ್ಲಿದೆ ನೋಡಿ. ಅಲ್ಲಿಂದ ಕೆಳಗೆ ಸೊಂಟದ ಮೂಳೆಯ ಮೇಲಿನ ಅಂಚು ಸಿಗುತ್ತದೆ. ಎರಡರ ಸರಿನಡುವೆ ಟೇಪು ಸುತ್ತಿ. ಹೊಟ್ಟೆ ಒಳಗೆ ಎಳೆದುಕೊಳ್ಳಬಾರದು. ಸಹಜವಾಗಿ ಉಸಿರು ಬಿಟ್ಟಾಗ ಬರುವ ಅಳತೆಯನ್ನು ಬರೆದುಕೊಳ್ಳಿ. ಭಾರತೀಯ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು. ಹೊಸದಾಗಿ ಮಾತ್ರೆ ಆರಂಭಿಸುವಾಗ ಒಮ್ಮೆ ತೂಕ, ಸೊಂಟ, ರಕ್ತದೊತ್ತಡ, ಸಕ್ಕರೆ, ಕೊಬ್ಬು ನೋಡಿಡಬೇಕು. ಮೂರು ತಿಂಗಳಿಗೆ ಮತ್ತೊಮ್ಮೆ, ಆಮೇಲೆ ಕಡಿಮೆಯೆಂದರೂ ವರ್ಷಕ್ಕೊಮ್ಮೆ. ತೂಕವನ್ನಂತೂ ಮೊದಲ ತಿಂಗಳುಗಳಲ್ಲಿ ಪ್ರತಿ ಭೇಟಿಯಲ್ಲೂ ನೋಡಬೇಕು. ಏರುತ್ತಿದೆ ಎಂದು ಬೇಗ ಗೊತ್ತಾದರೆ ವೈದ್ಯರು ಮಾತ್ರೆ ಬದಲಿಸಬಹುದು, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಸೇರಿಸಬಹುದು. ಮೂವತ್ತು ಕಿಲೋ ಏರಿದ ಮೇಲೆ ಬಂದರೆ ನಮ್ಮ ಕೈಯಲ್ಲಿ ಉಳಿಯುವುದು ಉಪದೇಶ ಮಾತ್ರ.

ಆಶಾ ಕಾರ್ಯಕರ್ತೆಯರಿಗೆ ಇದು ಹೊಸ ಕೆಲಸವಲ್ಲ ಎಂದು ನನಗೆ ಗೊತ್ತು. ಅಸಾಂಕ್ರಾಮಿಕ ರೋಗಗಳ ತಪಾಸಣೆಗೆ ನೀವು ಮನೆಮನೆಯಲ್ಲಿ ತುಂಬುವ ಫಾರಂನಲ್ಲಿ ಸೊಂಟದ ಅಳತೆಯ ಕಾಲಂ ಆಗಲೇ ಇದೆ. ತೊಡಕು ಎಲ್ಲಿದೆಯೆಂದರೆ, ಆ ತಪಾಸಣೆ ಇರುವುದು 30 ವರ್ಷ ದಾಟಿದವರಿಗೆ. ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಯಿಂದ ಇಪ್ಪತ್ತರ ದಶಕದೊಳಗೆ. 21ಕ್ಕೆ ಮಾತ್ರೆ ಆರಂಭಿಸಿದ ಹುಡುಗ ನಿಮ್ಮ ಫಾರಂ ಒಳಗೆ ಬರುವಷ್ಟರಲ್ಲಿ ಒಂಬತ್ತು ವರ್ಷ ಕಳೆದಿರುತ್ತದೆ. ಸಕ್ಕರೆ ಬರುವುದಕ್ಕೆ ಅಷ್ಟು ಸಮಯ ಧಾರಾಳ ಸಾಕು. ಫಾರಂ ಯಾವಾಗ ಬದಲಾಗುತ್ತದೋ ನಾನು ಹೇಳಲಾರೆ. ಈ ಮಾತ್ರೆ ತೆಗೆದುಕೊಳ್ಳುವವರ ಮಟ್ಟಿಗೆ ವಯಸ್ಸಿನ ಗೆರೆಯನ್ನು ಮರೆತುಬಿಡಿ.

ಇನ್ನೊಂದು ವಿಚಿತ್ರ ನೋಡಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಅದೇ ಕಟ್ಟಡದಲ್ಲಿ ಸಕ್ಕರೆ, ರಕ್ತದೊತ್ತಡ ನೋಡುವ ಎನ್‌ಸಿಡಿ ಕ್ಲಿನಿಕ್ ಇರುತ್ತದೆ. ಎರಡು ಕೋಣೆಗಳ ನಡುವೆ ಕೆಲವು ಹೆಜ್ಜೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬಂದ ರೋಗಿ ಒಂದು ಕೋಣೆಯಲ್ಲಿ ಚೀಟಿ ಬರೆಸಿಕೊಂಡು, ಮಾತ್ರೆ ತೆಗೆದುಕೊಂಡು, ಮತ್ತೆ ಬಸ್ಸು ಹತ್ತುತ್ತಾನೆ. ಆ ಇನ್ನೊಂದು ಕೋಣೆಗೆ ಆತನನ್ನು ಕರೆದುಕೊಂಡು ಹೋಗುವವರು ಯಾರೂ ಇರುವುದಿಲ್ಲ. ಜೊತೆಗೆ ಬಂದವರು ನೀವಾದರೆ, ಆ ಕೆಲವು ಹೆಜ್ಜೆ ನಡೆಸಿ.

ಹೆಂಗಸರ ವಿಷಯದಲ್ಲಿ ಬೇರೆಯೇ ಒಂದು ಮಾತಿದೆ, ಅದನ್ನು ಆಶಾ ಅಕ್ಕಂದಿರು ಮಾತ್ರ ಕೇಳಿ ತಿಳಿಯಬಲ್ಲರು. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್ ತೆಗೆದುಕೊಳ್ಳುವವರಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿ ಮುಟ್ಟು ನಿಲ್ಲಬಹುದು, ಬಸುರಿಯಲ್ಲದಿದ್ದರೂ ಎದೆಹಾಲು ಬರಬಹುದು. ಮದುವೆಯಾಗದ ಹುಡುಗಿಗೆ ಹೀಗಾದರೆ ಮನೆಯಲ್ಲಿ ಎಂಥ ಮಾತು ಹುಟ್ಟುತ್ತದೆ ಎಂದು ಬಿಡಿಸಿ ಹೇಳಬೇಕೇ? ಬಹುಕಾಲ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ. ಮಾತ್ರೆ ಬದಲಿಸಿದರೆ ಮುಟ್ಟು ಮರಳುತ್ತದೆ, ಅದರೊಂದಿಗೆ ಗರ್ಭ ನಿಲ್ಲುವ ಸಾಧ್ಯತೆಯೂ ಮರಳುತ್ತದೆ. ಅದನ್ನು ಯಾರೂ ಹೇಳದೇ ಹೋಗುವುದರಿಂದ ಬಯಸದ ಬಸಿರು ಆಗುವುದುಂಟು.

ಈಗ ನೋವಿನ ವಿಷಯ. ಹಲವರಲ್ಲಿ ನಡೆದದ್ದನ್ನು ಸೇರಿಸಿ ಒಬ್ಬನ ಕಥೆಯಾಗಿ ಹೇಳುತ್ತೇನೆ. ಯಾರ ಗುರುತೂ ಸಿಗಬಾರದು ಎಂದು ಹೀಗೆ.

ಹೊಸನಗರದ ಕಡೆಯವನು ಎಂದಿಟ್ಟುಕೊಳ್ಳಿ. ವಯಸ್ಸು ನಲವತ್ತರ ಆಸುಪಾಸು, ಅಣ್ಣ ಅತ್ತಿಗೆಯ ಜೊತೆ ಇರುತ್ತಾನೆ. ಪಕ್ಕದ ಮನೆಯವರು ತನ್ನ ಮೇಲೆ ಏನೋ ಪ್ರಯೋಗ ಮಾಡುತ್ತಿದ್ದಾರೆ ಎಂಬುದು ಅವನ ಹಳೆಯ ದೂರು. ಮಾತ್ರೆ ಆರಂಭಿಸಿದ ಮೇಲೆ ದೂರು ತಣ್ಣಗಾಗಿತ್ತು. ಒಂದು ರಾತ್ರಿ "ಅತ್ತಿಗೆ, ಹೊಟ್ಟೆಯೊಳಗೆ ಕೆಂಡ ಹಾಕಿದ್ದಾರೆ" ಎಂದ. ಅಣ್ಣ ಕೇಳಿದ್ದು ಕೊನೆಯ ಪದವನ್ನು ಮಾತ್ರ, 'ಹಾಕಿದ್ದಾರೆ' ಎಂಬುದನ್ನು. ಮತ್ತೆ ಕಾಯಿಲೆ ಕೆರಳಿತು ಎಂದುಕೊಂಡು ರಾತ್ರಿಯ ಮಾತ್ರೆಯನ್ನು ಅರ್ಧ ಹೆಚ್ಚಿಗೆ ಕೊಟ್ಟರು. ಮರುದಿನ ತೋರಿಸಲು ಹೋದ ಕಡೆಯೂ ಅವನ ಹಳೆಯ ಚೀಟಿ ನೋಡಿದವರು ಹೊಟ್ಟೆ ನೋಡಲಿಲ್ಲ. "ಇದು ತಲೆಯ ಕಾಯಿಲೆ, ಮಾನಸಿಕ ಡಾಕ್ಟರಿಗೆ ತೋರಿಸಿ" ಎಂದರು. ಅನುಮಾನ ಬಂದದ್ದು ಅತ್ತಿಗೆಗೆ. ಎಂಥ ಹುಚ್ಚು ಕೆರಳಿದ ದಿನವೂ ಎಲೆಯಡಿಕೆಯ ಕವಳ ಬಿಡದ ಮೈದುನ ಅವತ್ತು ತಟ್ಟೆಯನ್ನು ಮುಟ್ಟಲಿಲ್ಲ, ಮಂಡಿ ಮಡಚಿ ಒಂದೇ ಮಗ್ಗುಲಲ್ಲಿ ಮಲಗಿದ್ದ. ಆಕೆ ಹಟ ಹಿಡಿದು ಶಿವಮೊಗ್ಗಕ್ಕೆ ಕರೆತಂದಾಗ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಅಪೆಂಡಿಕ್ಸ್ ಒಡೆದಿತ್ತು. ಬದುಕಿದ, ಆದರೆ ಒಂದು ದಿನ ಮುಂಚೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯಬೇಕಿದ್ದುದು ವಾರಗಟ್ಟಲೆ ಎಳೆಯಿತು.

ಇದು ಅಪರೂಪದ ಕಥೆಯಲ್ಲ. ಸ್ಕಿಜೋಫ್ರೇನಿಯಾ ಇರುವವರಲ್ಲಿ ಹಲವರು ನೋವನ್ನು ಇತರರಷ್ಟು ತೋಡಿಕೊಳ್ಳುವುದಿಲ್ಲ. ಅಪೆಂಡಿಕ್ಸ್ ಒಡೆದ ಮೇಲೆ, ಹೃದಯಾಘಾತ ಆಗಿಹೋದ ಮೇಲೆ ಆಸ್ಪತ್ರೆಗೆ ಬರುವವರು ಇವರಲ್ಲಿ ಹೆಚ್ಚು. ನೋವು ಹೇಳಿದಾಗಲೂ ತಮ್ಮ ಲೋಕದ ಭಾಷೆಯಲ್ಲಿ ಹೇಳುತ್ತಾರೆ. ಕೆಂಡ ಯಾರು ಹಾಕಿದರು ಎಂಬುದು ಭ್ರಮೆ ಇರಬಹುದು, ಉರಿ ಭ್ರಮೆಯಲ್ಲ. ಆದ್ದರಿಂದ ಮಾತಿನ ಜೊತೆಗೆ ಬದಲಾವಣೆಯನ್ನು ನೋಡಿ. ಊಟ ಬಿಟ್ಟನೇ, ನಡಿಗೆ ಬದಲಾಯಿತೇ, ದಿನಾ ಕೂರುವ ಜಾಗ ಬಿಟ್ಟನೇ, ಬೀಡಿ ಬೇಡವೆಂದನೇ? ಹಾಗೆ ಕಂಡದ್ದನ್ನು ವೈದ್ಯರಿಗೆ ಹೇಳಿ, "ಹೊಟ್ಟೆ ಮುಟ್ಟಿ ನೋಡಿ ಸ್ವಾಮಿ" ಎಂದು ಕೇಳಿ. ಕೇಳುವ ಹಕ್ಕು ನಿಮಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್, ಮನೋರೋಗ ಇರುವವರಿಗೆ ಇತರ ರೋಗಿಗಳಿಗೆ ಸಿಗುವಂಥದ್ದೇ ಚಿಕಿತ್ಸೆ, ತುರ್ತು ಸೇವೆ, ಆಂಬುಲೆನ್ಸ್, ವಿಮೆ ಸಿಗಬೇಕೆಂದು ಹೇಳುತ್ತದೆ. ಕಾಯ್ದೆಯ ಸಂಖ್ಯೆ ಹೇಳಿದರೆ ಕೆಲವೊಮ್ಮೆ ಕುರ್ಚಿಗಳು ಅಲುಗಾಡುತ್ತವೆ, ಪ್ರಯತ್ನಿಸಿ ನೋಡಿ.

ಜ್ವರದ ಬಗ್ಗೆ ಹೆಚ್ಚು ಹೊತ್ತು ಮಾತಾಡಬೇಕು. ಬೆಂಗಳೂರಿನಲ್ಲಿ ಬರೆದ ಯಾವ ಕೈಪಿಡಿಯೂ ನಮ್ಮ ಮಲೆನಾಡಿನ ಜ್ವರವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಲ್ಲ.

ಬೇರೆ ಮಾತ್ರೆಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಕೊಡುತ್ತೇವೆ. ಅದಕ್ಕೊಂದು ಅಪಾಯವಿದೆ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಅದು ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ. ಅದಕ್ಕೇ ಮೊದಲ 18 ವಾರ ಪ್ರತಿ ವಾರ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲು ನೋವು ಬಂದರೆ ಅದೇ ದಿನ ಬಿಳಿ ಕಣಗಳನ್ನು ಎಣಿಸಬೇಕು ಎಂಬುದು ಎಲ್ಲ ಕಡೆಯ ನಿಯಮ.

ಈಗ ಜನವರಿ ತಿಂಗಳು, ಅಡಿಕೆ ಕೊಯ್ಲಿನ ಕಾಲ ಎಂದುಕೊಳ್ಳಿ. ತರಗೆಲೆ ಗುಡಿಸಲು, ಸೊಪ್ಪು ತರಲು ಕಾಡಿನ ಅಂಚಿಗೆ ಹೋಗಿ ಬಂದವನಿಗೆ ಜ್ವರ ಬಂದಿದೆ. ಮಂಗನ ಕಾಯಿಲೆಯ ಬಗ್ಗೆ ನಿಮಗೆ ನಾನು ಪಾಠ ಮಾಡಬೇಕಾಗಿಲ್ಲ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ, ಉಣುಗು ಕಚ್ಚಿ ಬರುವಂಥದ್ದು. ಆ ವೈರಸ್ ಕೂಡ ಬಿಳಿ ಕಣಗಳನ್ನು ಇಳಿಸುತ್ತದೆ, ಪ್ಲೇಟ್‌ಲೆಟ್ಟನ್ನೂ ಇಳಿಸುತ್ತದೆ. ಕ್ಲೋಜಪಿನ್ ತೆಗೆದುಕೊಳ್ಳುವವನ ರಕ್ತದಲ್ಲಿ ಬಿಳಿ ಕಣ ಕಡಿಮೆ ಎಂದು ವರದಿ ಬಂದರೆ ಕಾರಣ ಮಾತ್ರೆಯೋ ಉಣುಗೋ? ಮನೋವೈದ್ಯರು ಮಾತ್ರೆಯನ್ನು ಶಂಕಿಸುತ್ತಾರೆ, ಇಲ್ಲಿನ ವೈದ್ಯಾಧಿಕಾರಿ ಉಣುಗನ್ನು ಶಂಕಿಸುತ್ತಾರೆ. ಒಬ್ಬರಿಗೆ ಇನ್ನೊಬ್ಬರ ಚೀಟಿ ತೋರಿಸದಿದ್ದರೆ ಇಬ್ಬರೂ ಅರ್ಧ ಕುರುಡರು. ಎರಡನ್ನೂ ಪರೀಕ್ಷಿಸಬೇಕು, ವರದಿ ಬರುವ ತನಕ ಎರಡೂ ಇದೆ ಎಂದೇ ನಡೆದುಕೊಳ್ಳಬೇಕು.

ಗೊಂದಲ ಇಲ್ಲಿಗೇ ಮುಗಿಯುವುದಿಲ್ಲ. ಮಂಗನ ಕಾಯಿಲೆಯ ಜ್ವರ ಇಳಿದು, ವಾರವೋ ಎರಡು ವಾರವೋ ಕಳೆದ ಮೇಲೆ ಕೆಲವರಲ್ಲಿ ಎರಡನೇ ಸುತ್ತು ಬರುತ್ತದೆ. ಆಗ ಜ್ವರದ ಜೊತೆ ತೀವ್ರ ತಲೆನೋವು, ಕೈಕಾಲು ನಡುಕ, ಮಂಕು, ತಪ್ಪುತಪ್ಪು ಮಾತು. ಮೊದಲೇ ಮನೋರೋಗ ಇರುವವನಲ್ಲಿ ಇದನ್ನು ಕಂಡರೆ ಯಾರಿಗಾದರೂ ಹಳೆಯ ಕಾಯಿಲೆ ಮರುಕಳಿಸಿತು ಎಂದೇ ಅನಿಸುತ್ತದೆ. ಇದರ ಜೊತೆಗೆ ಮೂರನೆಯದೊಂದಿದೆ. ಮನೋರೋಗದ ಮಾತ್ರೆಗಳಿಂದಲೇ ಅಪರೂಪಕ್ಕೆ ಬರುವ ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್. ಅದರಲ್ಲೂ ಜ್ವರ, ಅದರಲ್ಲೂ ಮಂಕು. ಆದರೆ ಮೈ ಮರದಂತೆ ಸೆಟೆದುಕೊಳ್ಳುತ್ತದೆ, ಬೆವರು ಸುರಿಯುತ್ತದೆ, ರಕ್ತದೊತ್ತಡ ಏರಿಳಿಯುತ್ತದೆ. ಇದು ಜೀವಕ್ಕೆ ಅಪಾಯ. ನಾನು ಮಾತ್ರೆ ಬಿಡಬೇಡಿ ಎಂದು ಜೀವನವಿಡೀ ಹೇಳುವವನು, ಆದರೆ ಜ್ವರದ ಜೊತೆ ಮೈ ಸೆಟೆದುಕೊಂಡಿದ್ದರೆ ಮುಂದಿನ ಮಾತ್ರೆ ಕೊಡದೆ ನೇರ ದೊಡ್ಡ ಆಸ್ಪತ್ರೆಗೆ ಹೊರಡಿ.

ಮನೆಯವರು ಈ ಮೂರರಲ್ಲಿ ಯಾವುದೆಂದು ಗುರುತಿಸಬೇಕಾಗಿಲ್ಲ. ಒಂದು ಕೆಲಸ ಮಾಡಿದರೆ ಸಾಕು. ಜ್ವರಕ್ಕೆಂದು ಹೋಗುವಾಗ ಮಾತ್ರೆಯ ಖಾಲಿ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. "ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾನೆ" ಎಂದು ಹೇಳಬೇಡಿ. ಇವು ನಿದ್ದೆ ಮಾತ್ರೆಗಳಲ್ಲ. ಆ ಒಂದು ಮಾತಿನಿಂದ ಎದುರಿಗಿರುವ ವೈದ್ಯರ ದಾರಿ ತಪ್ಪುತ್ತದೆ. ಹಾಗೆಯೇ ಜ್ವರದ ಮಾತ್ರೆ ಬಂದೊಡನೆ "ಎರಡೂ ಉಷ್ಣ, ಒಟ್ಟಿಗೆ ಬೇಡ" ಎಂದು ಹಳೆಯ ಮಾತ್ರೆಯನ್ನು ನೀವೇ ಪಕ್ಕಕ್ಕಿಡಬೇಡಿ. ಬೆರೆಸಬಾರದ ಔಷಧಗಳು ಕೆಲವಿವೆ, ಅದನ್ನು ಬರೆಯುವವರು ನೋಡಿಕೊಳ್ಳುತ್ತಾರೆ. ಕ್ಲೋಜಪಿನ್ ವಿಷಯದಲ್ಲಿ ಮಾತ್ರ ಇದೊಂದು ನೆನಪಿರಲಿ: ಏನೋ ಕಾರಣಕ್ಕೆ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಮತ್ತೆ ಒಮ್ಮೆಲೇ ಪೂರ್ತಿ ಮಾತ್ರೆ ಕೊಡುವ ಹಾಗಿಲ್ಲ. ರಕ್ತದೊತ್ತಡ ಕುಸಿದು ಬೀಳುತ್ತಾರೆ. 12.5 ಮಿಲಿಗ್ರಾಮಿನಿಂದ ಮತ್ತೆ ಮೆಲ್ಲಗೆ ಏರಿಸಬೇಕು. ವೈದ್ಯರಿಗೆ ಫೋನು ಮಾಡಿ ಕೇಳಿ.

ಬೀಡಿಯ ಬಗ್ಗೆ ಹೊಸದೇನಿದೆ ಎನ್ನಬೇಡಿ, ಇದೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ರಾಸಾಯನಿಕಗಳು ಯಕೃತ್ತಿನಲ್ಲಿ ಕ್ಲೋಜಪಿನ್, ಓಲಾಂಜಪಿನ್ ಬೇಗ ಕರಗಿಹೋಗುವಂತೆ ಮಾಡುತ್ತವೆ. ಹಾಗಾಗಿ ದಿನಕ್ಕೆ ಎರಡು ಕಟ್ಟು ಸೇದುವವನಿಗೆ ಹೆಚ್ಚು ಮಾತ್ರೆ ಬೇಕಾಗುತ್ತದೆ. ಅದೇ ಮನುಷ್ಯ ನ್ಯುಮೋನಿಯಾ ಬಂದು ಆಸ್ಪತ್ರೆಗೆ ಸೇರಿದ ಎನ್ನಿ. ವಾರ್ಡಿನಲ್ಲಿ ಬೀಡಿ ಇಲ್ಲ. ಮಾತ್ರೆಯ ಪ್ರಮಾಣ ಅಷ್ಟೇ ಇದ್ದರೂ ರಕ್ತದಲ್ಲಿ ಕ್ಲೋಜಪಿನ್ ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಏರಿಬಿಡಬಹುದು, ಸೋಂಕು ಕೂಡ ಅದನ್ನು ಏರಿಸುತ್ತದೆ. ಜೊಲ್ಲು ಸುರಿಸುತ್ತ ಮಂಕಾಗಿ ಬಿದ್ದಿರುತ್ತಾನೆ, ಫಿಟ್ಸ್ ಕೂಡ ಬರಬಹುದು. ಬೀಡಿ ಬಿಡಬೇಕು, ಖಂಡಿತ ಬಿಡಬೇಕು. ಬಿಡುತ್ತಿದ್ದೇನೆ ಎಂದು ವೈದ್ಯರಿಗೆ ಮೊದಲೇ ಹೇಳಿ ಬಿಡಬೇಕು.

ಅಡಿಕೆಯ ಊರಿನಲ್ಲಿ ನಿಂತು ಅಡಿಕೆಯ ಬೆಲೆ ಏರಲಿ ಎಂದರೆ ಚಪ್ಪಾಳೆ ಬೀಳುತ್ತದೆ, ಅಡಿಕೆ ಕೆಟ್ಟದ್ದು ಎಂದರೆ ವಾಪಸು ಹೋಗುವ ಬಸ್ಸು ಸಿಗುವುದಿಲ್ಲ. ಆದರೂ ಹೇಳುತ್ತೇನೆ. ಬಾಯಿಯ ಕ್ಯಾನ್ಸರಿನ ಮಾತು ನೀವು ಕೇಳಿದ್ದೀರಿ. ಅದರ ಜೊತೆಗೆ, ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ವಸ್ತು ನಮ್ಮ ಒಂದು ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ಮನೋರೋಗದ ಔಷಧದಿಂದ ಕೈ ನಡುಗಿದರೆ, ಮೈ ಬಿಗಿದರೆ ಟ್ರೈಹೆಕ್ಸಿಫೆನಿಡಿಲ್ ಎಂಬ ಸಣ್ಣ ಮಾತ್ರೆ ಕೊಡುತ್ತೇವಲ್ಲ, ಅದು ತಡೆಯುವುದನ್ನೇ ಅರೆಕೊಲಿನ್ ಕೆರಳಿಸುತ್ತದೆ. ದಿನವಿಡೀ ಕವಳ ಹಾಕುವವರಲ್ಲಿ ಹೀಗೆ ನಡುಕ, ಬಿಗಿತ ಹೆಚ್ಚಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಊಟದ ಮೇಲೆ ಒಂದು ಕವಳ ಹಾಕುವ ಅಜ್ಜನಿಗೆ ನಾನು ಈ ಮಾತು ಹೇಳುತ್ತಿಲ್ಲ. ಮಾತ್ರೆ ಏರಿಸಿದರೂ ಬಿಗಿತ ಇಳಿಯದವರ ಬಾಯಿಯನ್ನು ಒಮ್ಮೆ ನೋಡಿ ಎನ್ನುತ್ತಿದ್ದೇನೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತಿದೆ. ತೂಕ, ಸಕ್ಕರೆ, ರಕ್ತ, ಮೂಳೆ, ಇಷ್ಟು ಕೆಡುಕಿದ್ದರೆ ಮಾತ್ರೆಯೇ ಬೇಡವಲ್ಲ? ಫಿನ್‌ಲೆಂಡಿನಲ್ಲಿ 66,881 ಸ್ಕಿಜೋಫ್ರೇನಿಯಾ ರೋಗಿಗಳನ್ನು 1996ರಿಂದ 2006ರವರೆಗೆ ಹಿಂಬಾಲಿಸಿ ನೋಡಿದರು. 2009ರಲ್ಲಿ ಫಲಿತಾಂಶ ಬಂದಾಗ ನಾವೇ ಬೆಚ್ಚಿದೆವು. ಔಷಧ ತೆಗೆದುಕೊಳ್ಳದವರಿಗಿಂತ ಬಹುಕಾಲ ತೆಗೆದುಕೊಂಡವರಲ್ಲಿ ಸಾವು ಕಡಿಮೆ ಇತ್ತು. ಔಷಧಗಳ ಪೈಕಿ ಎಲ್ಲಕ್ಕಿಂತ ಕಡಿಮೆ ಸಾವು ಕಂಡದ್ದು, ನಾನು ಇಷ್ಟು ಹೊತ್ತು ದೂರಿದ ಆ ಕ್ಲೋಜಪಿನ್ ತೆಗೆದುಕೊಂಡವರಲ್ಲಿ. ಅಧ್ಯಯನದ ವಿಧಾನವನ್ನು ಟೀಕಿಸಿದವರಿದ್ದಾರೆ, ಆದರೆ ಅದೇ ದೇಶದಲ್ಲಿ 20 ವರ್ಷದ ಮಾಹಿತಿ ಇಟ್ಟುಕೊಂಡು ಮಾಡಿದ ಮುಂದಿನ ಅಧ್ಯಯನವೂ ಅದೇ ಕಡೆಗೆ ಬೆರಳು ತೋರಿಸಿತು. ನನ್ನ ತಿಳಿವಳಿಕೆ ಹೀಗಿದೆ: ಮನಸ್ಸು ಹತೋಟಿಯಲ್ಲಿದ್ದವನು ಹೊತ್ತಿಗೆ ಊಟ ಮಾಡುತ್ತಾನೆ, ಬಿ.ಪಿ. ಮಾತ್ರೆಯನ್ನೂ ನುಂಗುತ್ತಾನೆ, ನೋವಾದರೆ ನೋವು ಎನ್ನುತ್ತಾನೆ. ಕ್ಲೋಜಪಿನ್‌ನವರಿಗೆ ರಕ್ತ ಪರೀಕ್ಷೆಯ ನೆಪದಲ್ಲಿ ತಿಂಗಳಿಗೊಮ್ಮೆಯಾದರೂ ಒಬ್ಬರು ಮುಖ ನೋಡಿ ಮಾತಾಡಿಸುತ್ತಾರೆ. ಮಾತ್ರೆ ಬದಲಿಸುವುದು, ಇಳಿಸುವುದು ವೈದ್ಯರೊಡನೆ ಕೂತು ಮಾಡುವ ಕೆಲಸ, ಅಡಿಗೆಮನೆಯಲ್ಲಿ ತೀರ್ಮಾನಿಸುವುದಲ್ಲ. ರಾತ್ರಿ ಹೊತ್ತಿನಲ್ಲಿ ಕೇಳಬೇಕಾದ್ದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆಗಳಿದ್ದರೆ ಕೇಳಿ.

(ಒಬ್ಬ ಆಶಾ ಕಾರ್ಯಕರ್ತೆ: "ಸರ್, ನಮ್ಮ ವ್ಯಾಪ್ತಿಯಲ್ಲಿ ಒಬ್ಬರಿದ್ದಾರೆ. ನಾವು ಟೇಪು ತೆಗೆದರೆ ಸಾಕು, ಅಳತೆ ತೆಗೆದು ಮಾಟ ಮಾಡಿಸುತ್ತೀರಿ ಎನ್ನುತ್ತಾರೆ. ಮೈ ಮುಟ್ಟಲು ಬಿಡುವುದಿಲ್ಲ.")

ಬಿಡದಿರುವುದು ಅವರ ಹಕ್ಕು, ಅವತ್ತು ಬಿಟ್ಟುಬಿಡಿ. ಮುಂದಿನ ಸಲ ಅವರ ಎದುರಿಗೆ ಮೊದಲು ನಿಮ್ಮ ಸೊಂಟ ಅಳೆದುಕೊಳ್ಳಿ, ಮನೆಯವರದ್ದು ಅಳೆಯಿರಿ, ಸಂಖ್ಯೆಯನ್ನು ಗಟ್ಟಿಯಾಗಿ ಓದಿ. ಆಮೇಲೆ ಟೇಪನ್ನು ಅವರ ಕೈಗೇ ಕೊಡಿ. ತಾವೇ ಅಳೆದು ತಾವೇ ಬರೆದಿಟ್ಟುಕೊಳ್ಳಲಿ, ಚೀಟಿ ಅವರ ಹತ್ತಿರವೇ ಇರಲಿ. ಅದಕ್ಕೂ ಒಪ್ಪದಿದ್ದರೆ ಹಳೆಯ ಅಂಗಿಯ ಗುಂಡಿ ಈಗ ಹಾಕಲು ಬರುತ್ತದೆಯೇ ಎಂದು ಕೇಳಿ. ಆ ಉತ್ತರವನ್ನೇ ಫೈಲಿನಲ್ಲಿ ಬರೆಯಿರಿ, ನನಗೆ ಅರ್ಥವಾಗುತ್ತದೆ.

(ಹಿಂದಿನ ಸಾಲಿನಿಂದ ಹಿರಿಯರೊಬ್ಬರು: "ನಮ್ಮ ತಮ್ಮ ಕ್ಲೋಜಪಿನ್ ಮೇಲಿದ್ದಾನೆ. ರಕ್ತ ಪರೀಕ್ಷೆ ತಪ್ಪಿಸುವುದಿಲ್ಲ. ಬೇರೆ ತೊಂದರೆ ಇಲ್ಲ, ಕೆಳಗೆ ಹೋಗುವುದು ಮಾತ್ರ ನಾಲ್ಕು ದಿನಕ್ಕೊಮ್ಮೆ. ಇದನ್ನೆಲ್ಲ ಡಾಕ್ಟರ ಹತ್ತಿರ ಏನು ಹೇಳುವುದೆಂದು ಸುಮ್ಮನಿದ್ದೇವೆ.")

ನೀವು ಕೇಳಿದ್ದು ಒಳ್ಳೆಯದಾಯಿತು, ನಾನು ಮಾತಿನ ನಡುವೆ ಹೇಳಲು ಬಿಟ್ಟಿದ್ದೆ. ಕ್ಲೋಜಪಿನ್ ಕರುಳಿನ ಚಲನೆಯನ್ನೇ ನಿಧಾನ ಮಾಡುತ್ತದೆ, ಅದರ ಜೊತೆ ಟ್ರೈಹೆಕ್ಸಿಫೆನಿಡಿಲ್ ಇದ್ದರೆ ಇನ್ನಷ್ಟು ನಿಧಾನ. ಎಲ್ಲರೂ ರಕ್ತಕ್ಕೆ ಹೆದರುತ್ತಾರೆ, ಆದರೆ ಕರುಳು ಕಟ್ಟಿಕೊಂಡು ಪ್ರಾಣ ಹೋಗುವುದೂ ಇದೆ, ಅದು ನಾವು ಎಣಿಸಿದಷ್ಟು ಅಪರೂಪವಲ್ಲ. ನೀರು, ಸೊಪ್ಪು, ಹಣ್ಣು, ನಡಿಗೆ ಎಲ್ಲ ಇರಲಿ, ಆದರೆ ಅಷ್ಟರಿಂದಲೇ ಆಗುವುದಿಲ್ಲ. ಮಲ ಸಡಿಲಿಸುವ ಔಷಧ ದಿನವೂ ಬೇಕಾಗಬಹುದು, ನಾಚಿಕೆ ಬಿಟ್ಟು ಕೇಳಿ ಬರೆಸಿಕೊಳ್ಳಿ. ಕ್ಯಾಲೆಂಡರಿನಲ್ಲಿ ಹೋದ ದಿನಕ್ಕೆ ಒಂದು ಗೀಟು ಹಾಕಲು ತಮ್ಮನಿಗೇ ಹೇಳಿ. ಇವತ್ತಿಗೆ ನಾಲ್ಕನೇ ದಿನ ಎಂದಾದರೆ ನಾಳೆಯವರೆಗೆ ಕಾಯಬೇಡಿ, ಸಂಜೆಯೊಳಗೆ ತೋರಿಸಿ. ಹೊಟ್ಟೆ ಉಬ್ಬರಿಸಿ ವಾಂತಿಯಾದರೆ ಸಂಜೆಯವರೆಗೂ ಬೇಡ, ತಕ್ಷಣ ಹೊರಡಿ, ಹೋದಲ್ಲಿ ಮೊದಲು ಕ್ಲೋಜಪಿನ್ ಎಂಬ ಹೆಸರು ಹೇಳಿ. ಸಭೆ ಮುಗಿದ ಮೇಲೆ ನೀವು ಸ್ವಲ್ಪ ನಿಲ್ಲಿ, ತಮ್ಮನ ಚೀಟಿ ನೋಡೋಣ.